ಒಂದು ಗಾಡಿ ಕುದುರೆ ಲದ್ದಿ

ದೂರಪ್ಪನ ಅಂದಿನ ಸಿಟ್ಟಿಗೆ ಕಾರಣ ಒಂದು ಬದನೆ ಸಸಿ. ಹೊಸ ಮನೆಯ ಹಿಂದೆ ಹೆಂಡತಿ ನೆಟ್ಟಿದ್ದ ಹನ್ನೆರಡು ಸಸಿಗಳಲ್ಲಿ ಬದುಕಿದ್ದು ಅದೊಂದೇ. ಆ ಬೆಳಿಗ್ಗೆ ಅದೂ ಕತ್ತು ಬಾಗಿಸಿ, ತಪ್ಪೊಪ್ಪಿಕೊಂಡ ಕಳ್ಳನ ಹಾಗೆ ನಿಂತಿತ್ತು.

"ಇದು ಮಣ್ಣೇ ಅಲ್ಲ ಕಣ್ರೀ," ಎಂದಳು ಹೆಂಡತಿ. "ಸಲಿಕೆ ಹಾಕಿದ್ರೆ ಕಿಡಿ ಹಾರತ್ತೆ. ಇಟ್ಟಿಗೆ ಚೂರು, ಸಿಮೆಂಟು ಎಲ್ಲಾ ಇಲ್ಲೇ ಹೂತಿಟ್ಟು ಹೋಗಿದಾನೆ ನಿಮ್ಮ ಮೇಸ್ತ್ರಿ. ಏನಾದ್ರೂ ಕೊಳೆತದ್ದು ತಂದು ಬೆರೆಸಿ. ಇಲ್ಲಾಂದ್ರೆ ಇಲ್ಲಿ ಕಾರು ನಿಲ್ಲಿಸೋಣ."

ಅವರಿಗೆ ಕಾರಿರಲಿಲ್ಲ. ಆದ್ದರಿಂದಲೇ ಮಾತು ಚುಚ್ಚಿತು. ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಹದಿನೆಂಟು ವರ್ಷ ಎಣ್ಣೆ ಡಬ್ಬಗಳಲ್ಲಿ ಗಿಡ ಬೆಳೆಸಿದ ಹೆಂಗಸು ಅವಳು. 'ನಮ್ಮದೇ ನೆಲದಲ್ಲಿ ನೆಡುವೆಯಂತೆ, ಸ್ವಲ್ಪ ತಾಳು' ಎಂದು ಅಷ್ಟೂ ವರ್ಷ ಸಮಾಧಾನ ಹೇಳಿದವನು ಇವನು.

ದೂರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಡಿಪೋದಲ್ಲಿ ಪ್ರಯಾಣಿಕರ ದೂರು ಬರೆದುಕೊಳ್ಳುವ ಕಿಟಕಿಯ ಹಿಂದೆ ಅವನ ಕೆಲಸ. ಬಸ್ಸು ನಿಲ್ಲಿಸಲಿಲ್ಲ, ಚಿಲ್ಲರೆ ಕೊಡಲಿಲ್ಲ, ಕೊಡೆ ಕಳೆಯಿತು ಎಂದು ಊರೆಲ್ಲ ಬಂದು ಬೈಯುವಾಗ ಅವನು ತುಟಿ ಬಿಚ್ಚುವಂತಿಲ್ಲ. ಹಾಗಾಗಿ ಕಿಟಕಿ ಮುಚ್ಚಿದ ಮೇಲೆ, ದಿನವಿಡೀ ನುಂಗಿದ್ದನ್ನೆಲ್ಲ ಲೋಕದ ಮೇಲೆ ಉಗುಳುತ್ತಿದ್ದ. ಹೆಸರು ತಾನಾಗಿ ಅಂಟಿಕೊಂಡಿತು.

ಆವತ್ತು ಒಂದು ದಿನ ರಜೆ ಹಾಕಿ ನೇರ ನರ್ಸರಿಗೆ ಹೋದ. ಅಲ್ಲಿ ದಿಂಬಿನಷ್ಟು ದೊಡ್ಡ ಪ್ಲಾಸ್ಟಿಕ್ ಚೀಲದ ಮೇಲೆ ನಗುವ ಟೊಮೆಟೊದ ಚಿತ್ರವಿತ್ತು. ಬೆಲೆ ನೋಡಿ ದೂರಪ್ಪನ ಮುಖ ಅದಕ್ಕಿಂತ ಕೆಂಪಾಯಿತು.

"ಏನಪ್ಪಾ ಇದು! ಅಕ್ಕಿಗಿಂತ ದುಬಾರಿ!"

"ಸಾವಯವ ಸರ್," ಎಂದ ನರ್ಸರಿಯವನು.

"ಅಂದ್ರೆ?"

"ಎಲೆ, ಸೊಪ್ಪು, ಸಗಣಿ, ತರಕಾರಿ ಸಿಪ್ಪೆ... ಎಲ್ಲಾ ಕೊಳೆಸಿ ಮಾಡಿದ್ದು."

"ಅಂದ್ರೆ ಕಸ!"

"ಕಸ ಅನ್ಬೇಡಿ ಸರ್. ಚೀಲಕ್ಕೆ ತುಂಬಿದ ಮೇಲೆ ಗೊಬ್ಬರ."

"ನಮ್ಮನೇಲೂ ಹಳಸಿದ್ದೆಲ್ಲ ಚೀಲಕ್ಕೆ ತುಂಬೇ ಬಿಸಾಕ್ತೀವಿ. ಅದಕ್ಕೆ ನೀನು ದುಡ್ಡು ಕೊಡ್ತೀಯಾ?" ಎಂದು ಗದರಿ ದೂರಪ್ಪ ಹೊರಗೆ ಬಂದ. ನಲವತ್ತು ಅಡಿ ನೆಲಕ್ಕೆ ಅಂಥ ಚೀಲ ಮೂವತ್ತಾದರೂ ಬೇಕು. ಕೊಳೆತದ್ದಕ್ಕೆ ಸಾಲ ಮಾಡಿದವರನ್ನು ಎಲ್ಲಾದರೂ ಕಂಡಿದ್ದೇವೆಯೇ?

ಅಲ್ಲಿಂದ ಬಡಗಿಯ ಅಂಗಡಿ. ಮರದ ಹೊಟ್ಟು ಮೊಣಕಾಲುದ್ದ ಬಿದ್ದಿತ್ತು. "ಎಲ್ಲಾ ಕೋಳಿ ಫಾರಂನವರಿಗೆ ಬುಕ್ ಆಗಿದೆ," ಎಂದ ಬಡಗಿ ತಲೆಯೆತ್ತದೆ. "ಸಿಕ್ಕಿದ್ರೂ ಹಸಿ ಹೊಟ್ಟು ಹಾಕ್ಬೇಡಿ. ಮಣ್ಣಲ್ಲಿರೋ ಸತ್ವಾನೂ ಅದೇ ತಿಂದುಬಿಡತ್ತೆ."

"ಹೊಟ್ಟಿಗೂ ಬುಕಿಂಗಾ! ನಾಳೆ ಧೂಳಿಗೂ ಟಿಕೆಟ್ ಇಡ್ತೀರಿ!"

ಬಡಗಿಗೆ ಕರುಣೆ ಬಂತೋ, ಇವನು ತೊಲಗಿದರೆ ಸಾಕೆನ್ನಿಸಿತೋ, ಊರ ಹೊರಗಿನ ಕುದುರೆ ಸವಾರಿ ಶಾಲೆಯ ದಾರಿ ತೋರಿಸಿದ.

ಅಲ್ಲಿ ಲಾಯದ ಹಿಂದೆ ದೂರಪ್ಪ ಕಂಡದ್ದು ಸಾಕ್ಷಾತ್ ಬೆಟ್ಟ. ಹುಲ್ಲು ಬೆರೆತ ಲದ್ದಿಯ ಬೆಟ್ಟ. ಲಾಯದವನು ಸಲಿಕೆಯ ಮೇಲೆ ಕೈಯೂರಿ ಹೇಳಿದ: "ಬಿಟ್ಟಿಯಾಗೇ ತಗೊಂಡ್ಹೋಗಿ. ಈ ಕಡೇದು ಹೊಸದು, ಗಿಡಾನ ಸುಡತ್ತೆ. ಆ ಮೂಲೇದು ಹೋದ ವರ್ಷದ್ದು, ಕೊಳೆತು ಚಹಾಪುಡಿ ಆಗಿದೆ. ಆದ್ರೆ ತುಂಬ್ಕೊಳೋದು ನೀವೇ. ಮತ್ತೆ ಗೋಣಿಚೀಲ ನಮ್ದು, ವಾಪಸ್ ಬರ್ಬೇಕು."

ಬಿಟ್ಟಿ ಎಂಬ ಶಬ್ದ ಕೇಳಿ ದೂರಪ್ಪನಿಗೆ ಇಪ್ಪತ್ತು ವರ್ಷ ವಯಸ್ಸು ಇಳಿದ ಹಾಗಾಯಿತು. ಮೂರು ತಾಸು ಅಗೆದ. ಎರಡು ಸಲ ಜಾರಿ ಹೊಸ ಲದ್ದಿಯಲ್ಲೇ ಕೂತ. ಒಂದು ಬಿಳಿ ಕುದುರೆ ಹಿಂದಿನಿಂದ ಬಂದು ಅವನ ಅಂಗಿಯ ಕಾಲರನ್ನು ನಿಧಾನವಾಗಿ, ರುಚಿ ನೋಡುತ್ತ ತಿಂದು ಮುಗಿಸಿತು. ಆದರೂ ಇಪ್ಪತ್ತೆಂಟು ಮೂಟೆ ತುಂಬಿಸಿ, ಒಂದು ಸರಕು ಗಾಡಿ ಹಿಡಿದು ಹೊರಟ. ಗಾಡಿಯವನು ದಾರಿಯುದ್ದಕ್ಕೂ ತಲೆ ಕಿಟಕಿಯಾಚೆ ಹಾಕಿಕೊಂಡೇ ಓಡಿಸಿದ. ಅದಕ್ಕೆ ಕಾರಣ ಲದ್ದಿಯಲ್ಲ, ಪಕ್ಕದ ಸೀಟಿನಲ್ಲಿದ್ದ ದೂರಪ್ಪ.

ಮನೆ ಮುಂದೆ ಗಾಡಿ ನಿಂತಿತು. ಗೋಣಿಚೀಲ ವಾಪಸ್ ಕೊಡಬೇಕಲ್ಲ. ಗಾಡಿಯವನು ಒಂದೊಂದನ್ನೇ ಬಾಯಿ ಕೆಳಗು ಮಾಡಿ ಗೇಟಿನ ಪಕ್ಕ ರಸ್ತೆಯಂಚಿಗೆ ಸುರಿದು, ಖಾಲಿ ಚೀಲಗಳನ್ನು ಹೇರಿಕೊಂಡು, ಕಾಲಿಗೆ ಬುದ್ಧಿ ಹೇಳಿದ.

ಹೆಂಡತಿ ಓಡಿ ಬಂದು ರಾಶಿ ನೋಡಿದಳು. ಕೈಗೊಂದಿಷ್ಟು ತೆಗೆದುಕೊಂಡು ಹಿಸುಕಿದಳು. ಮದುವೆಯಾದ ಹೊಸತರಲ್ಲಿ ಮೂಡುತ್ತಿದ್ದಂಥ ನಗು ಮುಖದಲ್ಲಿ ಮೂಡಿತು. "ನಾನು ಹಿಂದೆ ಸಾಲು ತೋಡ್ತೀನಿ. ನೀವು ಮೊದ್ಲು ಸ್ನಾನ ಮಾಡಿ, ದಮ್ಮಯ್ಯ," ಎಂದು ಹಿತ್ತಲಿಗೆ ಹೋದಳು.

ಸ್ನಾನಕ್ಕೆ ಹೋಗಲು ಬೀದಿ ಬಿಡಬೇಕಲ್ಲ. ಪಕ್ಕದ ಮನೆಯ ನಿವೃತ್ತ ಹೆಡ್ ಮೇಡಂ ಮೂಗಿಗೆ ಸೆರಗು ಒತ್ತಿಕೊಂಡು ಬಂದರು. ಎದುರು ಮನೆಯ ಹಲ್ಲಿನ ಡಾಕ್ಟರು ಬಂದ. ಮೂಲೆ ಮನೆಯ ವಿಮೆ ಏಜೆಂಟ್, ಸಾವಿನ ವಾಸನೆ ಎಲ್ಲಿ ಬಂದರೂ ಬರುವವನು, ಬಂದ. ಇನ್ನು ನಾಲ್ಕಾರು ಮನೆಗಳವರು ಗೇಟುಗಳಿಗೆ ಜೋತುಬಿದ್ದರು.

"ಇದು ಮನೆಗಳಿರೋ ಬೀದಿನಾ, ಕುದುರೆ ಲಾಯನಾ?" ಎಂದರು ಹೆಡ್ ಮೇಡಂ, ಐದನೇ ತರಗತಿಗೆ ಕೇಳುವ ದನಿಯಲ್ಲಿ.

"ಕ್ಲಿನಿಕ್ಕಲ್ಲಿ ಒಬ್ಬರೂ ಬಾಯಿ ತೆಗೀತಾ ಇಲ್ಲ ಕಣ್ರೀ, ಈ ವಾಸನೆಗೆ!" ಎಂದ ಡಾಕ್ಟರು.

ಬೆಳಗ್ಗಿನಿಂದ ಒಳಗೇ ಕುದಿಯುತ್ತಿದ್ದ ದೂರಪ್ಪನ ಮುಚ್ಚಳ ಹಾರಿತು.

"ವಾಸನೆಯಾ? ನಾರ್ತಿರೋದು ನಾನು! ಇದಲ್ಲ! ಇಲ್ನೋಡಿ!" ಎಂದು ರಾಶಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೇಡಂ ಮೂಗಿಗೇ ಹಿಡಿದ. "ಮೂಸಿ! ಏನು ವಾಸನೆ? ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ! ನಿಮ್ಮ ಕಾಂಪೌಂಡಲ್ಲಿ ಏನಿದೆ ಮೇಡಂ? ಮೂರು ವರ್ಷದಿಂದ ಹೂ ಬಿಡದ ಗುಲಾಬಿ! ಡಾಕ್ಟ್ರೇ, ನಿಮ್ಮ ನಿಂಬೆ ಗಿಡದಲ್ಲಿ ಎಲೆಗಿಂತ ಮುಳ್ಳೇ ಜಾಸ್ತಿ! ಯಾಕೆ? ನಮ್ಮೆಲ್ಲರ ಕಾಲ ಕೆಳಗಿರೋದು ಮಣ್ಣಲ್ಲ, ಮೇಸ್ತ್ರಿಗಳ ಪಾಪ! ಇದನ್ನ ಬೆರೆಸಿದ್ರೆ ಆ ಕಲ್ಲು ಮೆತ್ತಗಾಗತ್ತೆ, ನೀರು ನಿಲ್ಲತ್ತೆ, ಎರೆಹುಳ ಬರತ್ತೆ. ಅಂಗಡೀಲಿ ಇದನ್ನೇ ಟೊಮೆಟೊ ಚಿತ್ರ ಹಚ್ಚಿ, ಅಕ್ಕಿಗಿಂತ ಜಾಸ್ತಿ ದುಡ್ಡಿಗೆ ಮಾರ್ತಾರೆ! ಬೇಕಾದ್ರೆ ಒಂದು ಹಿಡಿ ತಗೊಂಡ್ಹೋಗಿ ನಿಮ್ಮ ಗಿಡಕ್ಕೆ ಹಾಕಿ ನೋಡಿ, ಆಮೇಲೆ ಮಾತಾಡಿ!"

ಹೆಡ್ ಮೇಡಂ ಸೆರಗು ಸರಿಸಿ ಇನ್ನೊಮ್ಮೆ ಮೂಸಿದರು. ಡಾಕ್ಟರು ತನ್ನ ನಿಂಬೆ ಗಿಡದ ಕಡೆ ಯೋಚಿಸುವವನಂತೆ ನೋಡಿದ. ಇಪ್ಪತ್ತೆರಡು ವರ್ಷ ಡಿಪೋ ಕಿಟಕಿಯ ಹಿಂದೆ ಕೂತು ಬರೀ ಕೇಳಿಸಿಕೊಂಡ ಮನುಷ್ಯ ಮೊದಲ ಸಲ ಒಂದು ವಾದ ಗೆದ್ದಿದ್ದ. ಎದೆಯುಬ್ಬಿಸಿ ಬಚ್ಚಲಿಗೆ ಹೋದ.

ಮೂರು ಸಲ ಸೋಪು ಹಚ್ಚಬೇಕಾಯಿತು. ಕಿವಿಯೊಳಗೂ ಹುಲ್ಲು ಸಿಕ್ಕಿತು. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡಿದರೆ ರಾಶಿ ಇದ್ದ ಜಾಗದಲ್ಲಿ ರಸ್ತೆಯಿತ್ತು.

ಒಂದು ಕ್ಷಣ ಬೀದಿ ತಪ್ಪಿ ಬಂದೆನೇ ಎಂದುಕೊಂಡ. ಕಣ್ಣು ಹಾಯಿಸಿದ. ಮೇಡಂ ಗುಲಾಬಿಗಳ ಬುಡದಲ್ಲಿ ಕಪ್ಪಗೆ ಮೆತ್ತನೆಯ ಹಾಸು. ನಿಂಬೆ ಗಿಡದ ಸುತ್ತ ಹೊಸ ಕಟ್ಟೆ. ವಿಮೆ ಏಜೆಂಟ್ ಮಗುವಿನ ತಳ್ಳುಗಾಡಿಯಲ್ಲಿ ಕೊನೆಯ ಕಂತು ಸಾಗಿಸುತ್ತಿದ್ದ.

"ಒಂದು ಹಿಡಿ ಅಂದೆ ನಾನು! ಒಂದು ಹಿಡಿ!" ದೂರಪ್ಪನ ಕೂಗಿಗೆ ತಂತಿಯ ಮೇಲಿದ್ದ ಕಾಗೆಗಳು ಎದ್ದವು.

"ಹೌದಪ್ಪಾ," ಎಂದರು ಹೆಡ್ ಮೇಡಂ ಕೈತೋಟದ ನಲ್ಲಿ ತಿರುಗಿಸುತ್ತ. "ಎಲ್ಲರೂ ಹಿಡಿ ಹಿಡಿಯಾಗೇ ತಗೊಂಡ್ವಿ. ಎಷ್ಟು ಚೆನ್ನಾಗಿ ತಿಳಿಸಿ ಹೇಳಿದ್ರಿ! ನೀವು ಮೇಷ್ಟ್ರಾಗ್ಬೇಕಿತ್ತು."

ಅಷ್ಟರಲ್ಲಿ ಸ್ಕೂಟರಿನಲ್ಲಿ ನೈರ್ಮಲ್ಯ ಇನ್ಸ್‌ಪೆಕ್ಟರ್ ಬಂದಿಳಿದ. ಮೇಡಂ ನಾಲಿಗೆ ಕಚ್ಚಿಕೊಂಡರು. ರಾಶಿ ಕಂಡ ಕೂಡಲೇ ಫೋನಿನಲ್ಲಿ ದೂರು ಕೊಟ್ಟಿದ್ದವರು ಅವರೇ. ಆಮೇಲೆ ಗುಲಾಬಿಯ ಗಡಿಬಿಡಿಯಲ್ಲಿ ಮರೆತಿದ್ದರು.

"ಇಲ್ಲಿ ಲದ್ದಿ ಸುರಿದಿದಾರಂತೆ. ಯಾರದು?"

ಬೀದಿಯವರೆಲ್ಲ ತಂತಮ್ಮ ಬುಟ್ಟಿಗಳನ್ನು ಬೆನ್ನ ಹಿಂದೆ ಸರಿಸಿದರು. ದೂರಪ್ಪನಿಗೆ ಮಾತ್ರ ದೇವರೇ ಸ್ಕೂಟರಿನಲ್ಲಿ ಬಂದಂತಾಯಿತು. "ನಂದು ಸಾರ್! ಈ ಬೀದೀಲಿ ಕಾಣೋ ಒಂದೊಂದು ಬುಟ್ಟಿ ಲದ್ದೀನೂ ನಂದು! ಇಪ್ಪತ್ತೆಂಟು ಮೂಟೆ! ಬರ್ಕೊಳ್ಳಿ! ಎಲ್ಲಾ ವಾಪಸ್ ಕೊಡಿಸಿ!"

ಇನ್ಸ್‌ಪೆಕ್ಟರ್ ಬರೆದುಕೊಂಡ. "ಮನೆಗೊಂದೆರಡು ಬುಟ್ಟಿ ಇದ್ರೆ ಅಡ್ಡಿಯಿಲ್ಲ. ಒಬ್ಬರದೇ ಇಪ್ಪತ್ತೆಂಟು ಮೂಟೆ ಅಂದ್ರೆ ದಾಸ್ತಾನು. ಪರವಾನಗಿ ತೋರಿಸಿ."

"ಪರವಾನಗಿಯಾ? ಲದ್ದಿಗಾ?"

"ಇಲ್ಲಾಂದ್ರೆ ದಂಡ. ಮಾಲು ಜಪ್ತಿ. ಎಲ್ಲಾ ಮನೆಗಳಿಂದ ತೆಗೆಸ್ಬೇಕಾಗತ್ತೆ."

ತೆಗೆಸುವುದು ಎಂದೊಡನೆ ಬೀದಿಗೆ ಮಾತು ಬಂತು. "ಅಯ್ಯೋ, ದಾಸ್ತಾನೆಲ್ಲಿ ಬಂತು ಸಾರ್!" ಎಂದರು ಮೇಡಂ. "ಇವರು ನಮಗೆಲ್ಲಾ ಹಂಚೋದಕ್ಕೇ ತಂದಿದ್ದು. ಧರ್ಮಾತ್ಮರು." ಡಾಕ್ಟರು ಹೌದೆಂದ. ಏಜೆಂಟ್ ತಳ್ಳುಗಾಡಿಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ.

"ಹಂಚಿದ್ದಾದ್ರೆ ದಂಡ ಇಲ್ಲ," ಎಂದು ಇನ್ಸ್‌ಪೆಕ್ಟರ್ ಚೀಲದಿಂದ ಅಚ್ಚಾದ ಹಾಳೆಯೊಂದನ್ನು ತೆಗೆದ. "ಇದು ಗೊಬ್ಬರ ಹಂಚಿಕೆದಾರರ ಫಾರಂ. ತುಂಬಿ ಸಹಿ ಹಾಕಿ. ಇಲ್ಲಾ ಅಂದ್ರೆ ದಂಡದ ರಸೀದಿ ಹರೀತೀನಿ."

ಅತ್ತ ದರಿ, ಇತ್ತ ಪುಲಿ. ಸಿಟ್ಟಿಗೆ ದೂರಪ್ಪ ಒತ್ತಿ ಬರೆಯಹೋಗಿ ಪೆನ್ನಿನ ಮೊನೆ ಮುರಿದದ್ದರಿಂದ, ಮೇಡಮ್ಮೇ ತಮ್ಮ ಪೆನ್ನಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಫಾರಂ ತುಂಬಿಕೊಟ್ಟರು. ಹಲ್ಲು ಕಚ್ಚಿಕೊಂಡು ಇವನು ಓದದೆಯೇ ಸಹಿ ಒತ್ತಿದ. ಇನ್ಸ್‌ಪೆಕ್ಟರ್ ಒಂದು ಪ್ರತಿ ಅವನ ಕೈಗಿತ್ತು, ಕೈಕುಲುಕಿ, ಸ್ಕೂಟರ್ ಹತ್ತಿದ.

ದೂರಪ್ಪ ಹಿತ್ತಲಿಗೆ ಬಂದ. ಹೆಂಡತಿ ಆರು ಸಾಲು ತೋಡಿ, ಬೆವರೊರೆಸಿಕೊಂಡು ಕಾಯುತ್ತಿದ್ದಳು. ಅವನು ನಡೆದದ್ದೆಲ್ಲ ಹೇಳಿದ. ಅವಳು ಬೈಯಲಿಲ್ಲ. ಹಾಳೆ ಇಸಿದುಕೊಂಡು ಓದಿದಳು.

"ಎಷ್ಟು ದಿನಕ್ಕೊಮ್ಮೆ ಅನ್ನೋ ಕಡೆ, 'ಪ್ರತಿ ತಿಂಗಳು, ಒಂದು ಗಾಡಿ, ಉಚಿತ' ಅಂತ ಬರೆದಿದಾರಲ್ರೀ ಮೇಡಂ!"

"ಏನು!"

"ಕೂಗಾಡ್ಬೇಡಿ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಹೇಗಿದ್ರೂ ತರ್ಲೇಬೇಕು, ಮುಂದಿನ ತಿಂಗಳು ಮೊದ್ಲು ನಮಗೆ ಹಾಕ್ಕೊಂಡು ಮಿಕ್ಕಿದ್ದು ಕೊಟ್ರಾಯ್ತು." ದೂರಪ್ಪನ ಮುಖಕ್ಕೆ ಸ್ವಲ್ಪ ರಕ್ತ ಮರಳಿತು. ಸಲಿಕೆಗೆ ಒರಗಿ ಉಸಿರು ಬಿಟ್ಟ.

ಅವಳು ಹಾಳೆ ತಿರುವಿದಳು. ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ನಿಯಮಗಳಿದ್ದವು. ಕಣ್ಣು ಕಿರಿದು ಮಾಡಿಕೊಂಡು ಮೂರನೆಯದನ್ನು ಓದಿದಳು:

"ಹಂಚಿಕೆದಾರನು ಸದರಿ ಗೊಬ್ಬರದಲ್ಲಿ ಒಂದು ಹಿಡಿಯನ್ನೂ ಸ್ವಂತ ಉಪಯೋಗಕ್ಕೆ ಇಟ್ಟುಕೊಳ್ಳತಕ್ಕದ್ದಲ್ಲ."