ಷಡ್ಡಕನ ಕೆಪ್ಯಾಸಿಟರ್

ಷಡ್ಡಕ ಬಾಯಿ ಮುಚ್ಚಿಕೊಂಡಿದ್ದರೆ ಆ ಸಂಜೆ ಅಂಗಡಿಯ ಫ್ಯೂಸು ಹಾರುತ್ತಿರಲಿಲ್ಲ.

ಮಾವನ ಫ್ಯಾನ್ ರಿಪೇರಿ ಅಂಗಡಿಯಲ್ಲಿ ಮೈಮುರಿದು ದುಡಿಯುವವನು ಕಿರಿಯಳಿಯ. ಅವನ ಷಡ್ಡಕ, ಅಂದರೆ ಹಿರಿಯಳಿಯ, ಮೇಷ್ಟ್ರು; ಶಾಲೆ ಬಿಟ್ಟ ಮೇಲೆ ಬಂದು ಮಾತಾಡುವುದಷ್ಟೇ ಅವನ ಕೆಲಸ. ಆದರೂ ಮಾವ ಅವನೆದುರು ಮುಚ್ಚಳ ತೆಗೆದ ಡಬ್ಬಿಯಂತೆ ಬಾಯಿ ತೆರೆದು ಕೂರುತ್ತಿದ್ದರು. ಅದನ್ನು ಕಂಡರೆ ಕಿರಿಯಳಿಯನಿಗೆ ಹೊಟ್ಟೆಯಲ್ಲಿ ಬೆಸುಗೆ ಕಡ್ಡಿ ಕಾದಂತಾಗುತ್ತಿತ್ತು. ಅಂಗಡಿ ಯಾರ ಕೈಗೆ ಎಂದು ಮಾವ ಅವತ್ತೇ ಹೇಳುವವರಿದ್ದರು ಬೇರೆ.

"ಶಕ್ತಿ ತಂತಿಯೊಳಗೆ ಹರಿದು ಬರಲ್ಲ ಮಾವ," ಎಂದ ಷಡ್ಡಕ, ಫ್ಯಾನಿನ ಕೆಪ್ಯಾಸಿಟರ್ ಎತ್ತಿ ಹಿಡಿದು. "ತಂತಿ ಸುತ್ತಲಿನ ಬಯಲಲ್ಲಿ ಬಂದು, ಇದರೊಳಗಿನ ಎರಡು ತಗಡುಗಳ ನಡುವೆ ಪಕ್ಕದಿಂದ ನುಗ್ಗುತ್ತೆ. ಆ ಸಂದೀಲೇ ಕೂತಿರುತ್ತೆ."

"ಆಹಾ!" ಎಂದರು ಮಾವ.

"ಹಾಗಾದ್ರೆ ಪಕ್ಕದ ದಾರಿ ಮುಚ್ತೀನಿ. ಹೇಗೆ ನುಗ್ಗುತ್ತೋ ನೋಡೋಣ!"

ಕಿರಿಯಳಿಯ ಅದಕ್ಕೆ ಟೇಪು ಸುತ್ತಿ, ಮೇಣ ಮೆತ್ತಿ, ಎಳೆಗೂಸಿಗೆ ಸುತ್ತಿದಂತೆ ಬಟ್ಟೆ ಬಿಗಿದ. ಕರೆಂಟು ಕೊಟ್ಟು, ತೆಗೆದು, ಎರಡೂ ತುದಿಗೆ ಸ್ಕ್ರೂಡ್ರೈವರ್ ತಾಗಿಸಿದ. ಚಟ್! ಕಿಡಿ ಹಾರಿತು.

"ನೋಡಿ ಮಾವ! ತಂತಿಯೊಳಗಿಂದ್ಲೇ ಹೋಗಿದೆ!"

"ಗಾಜು ಬೆಳಕನ್ನ ತಡೆಯುತ್ತಾ ತಮ್ಮಾ? ಮೇಣ, ಬಟ್ಟೆ ಎಲ್ಲಾ ಇದಕ್ಕೆ ಹಾಗೇ," ಎಂದು ಷಡ್ಡಕ ನಕ್ಕ.

"ಆಹಾ!"

ಪಕ್ಕದಂಗಡಿಯ ದರ್ಜಿ ಇಣುಕಿ, "ತಗಡಲ್ಲಿ ಸುತ್ತಯ್ಯಾ, ಬಿಡಬೇಡ!" ಎಂದು ಗಾಳಿ ಹಾಕಿದ.

ಬಿಟ್ಟಾನೆಯೇ? ತಗಡು ತಂದು ಸುತ್ತಿಯೇಬಿಟ್ಟ. ಹೊಟ್ಟೆಕಿಚ್ಚಿನ ಭರದಲ್ಲಿ ಎರಡೂ ತುದಿ ತಗಡಿಗೆ ತಾಗಿದ್ದು ಕಾಣಲಿಲ್ಲ. ಸ್ವಿಚ್ಚು ಒತ್ತಿದ.

ಢಮ್!

ಅಂಗಡಿ ಕತ್ತಲಾಯಿತು. ಅದೇ ಲೈನಿನಲ್ಲಿದ್ದ ದರ್ಜಿಯ ಯಂತ್ರವೂ ಅರ್ಧ ತೋಳಿಗೆ ನಿಂತಿತು. ಷಡ್ಡಕ ಮೇಜಿನಡಿ ಸೇರಿದ್ದ.

ಒಳಗೆ ಮೋಟಾರಿಗೆ ತಂತಿ ಸುತ್ತುತ್ತಿದ್ದ ಕಿರಿಮಗಳು ಬಂದು, "ರೀ, ಸರೀರಿ ಆಚೆ," ಎಂದು ಮೇನ್ ಇಳಿಸಿ, ಸುಟ್ಟ ತಗಡು ಕಿತ್ತೆಸೆದು, ಫ್ಯೂಸು ಕಟ್ಟಿ, ಮೇನ್ ಏರಿಸಿದಳು. ಬೆಳಕು ಬಂತು.

ಮಾವ ಬೀಗದ ಕೈ ತೆಗೆದರು. "ದೊಡ್ಡಳಿಯನಿಗೆ ಅಂಗಡಿ ಕೊಡೋಕಾಗಲ್ಲ. ಒಂದು ಸ್ಕ್ರೂ ತಿರುಗಿಸಿದ್ದು ನಾ ಕಂಡಿಲ್ಲ."

ಕಿರಿಯಳಿಯ ಹಿಗ್ಗಿದ.

"ಇವನಿಗೆ ಕೊಟ್ರೆ ಅಂಗಡೀನೇ ಇರಲ್ಲ. ತಗೋ ಮಗಳೇ."

ಆದರೂ ಕಿರಿಯಳಿಯನ ಹಿಗ್ಗು ಇಳಿಯಲಿಲ್ಲ. ಹೆಂಡತಿಗೆ ಬಂದರೇನು, ಷಡ್ಡಕನಿಗಂತೂ ಸಿಗಲಿಲ್ಲವಲ್ಲ!

ಹೆಂಡತಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿದಳು. "ಭಾವ, ಆಚೆ ಬನ್ನಿ. ನಿಮ್ಮ ಮಾತು ಕೇಳೋಕೇ ಅರ್ಧ ಗಿರಾಕಿಗಳು ಬರೋದು. ನಾಳೆಯಿಂದ ಸಂಜೆ ಗಲ್ಲಾ ಹತ್ರ ನೀವೇ ಕೂತ್ಕೊಳ್ಳಿ."

ಆಮೇಲೆ ಗಂಡನ ಕಡೆ ತಿರುಗಿದಳು.

"ಏನ್ರೀ ನಿಂತ್ಕೊಂಡು ನೋಡ್ತಿದೀರ? ಭಾವನಿಗೆ ಕುರ್ಚಿ ಒರೆಸಿ ಕೊಡಿ."