ಹಾರಿಹೋದ ಹಟ್ಟಿಯ ಮಾಡು ಮತ್ತು ನನ್ನ ಸೀಟಿ

೧೯೭೯ರ ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಕೆಮ್ಮಣ್ಣು ಊರಿನ ನಮ್ಮ ಹಿತ್ತಲು. ಹಾಜರಿದ್ದವರು: ನಿವೃತ್ತ ಡ್ರಿಲ್ ಮಾಸ್ತರನಾದ ನಾನು, ನನ್ನ ಹೆಂಡತಿ ಲಿಲ್ಲಿ, ದಿನ ತುಂಬಿದ ನಮ್ಮ ದನ ರೋಜಿ. ಗೈರುಹಾಜರಾದದ್ದು: ದನದ ಹಟ್ಟಿಯ ಮಾಡು!

ರಾತ್ರಿಯ ಗಾಳಿ ಆ ಚಾವಣಿಯನ್ನು ಇಡಿಯಾಗಿ ಎತ್ತಿ ಬಸಳೆ ಚಪ್ಪರದ ಆಚೆ ಇಟ್ಟಿತ್ತು. ಬಿದಿರಿನ ಚೌಕಟ್ಟು, ಹೆಣೆದ ತೆಂಗಿನ ಮಡಲಿನ ತಟ್ಟಿ ಎಲ್ಲ ಕ್ಷೇಮ. ಕಂಬಗಳು ಶಿಸ್ತಾಗಿ ನಿಂತಿದ್ದವು. ಮಾಡು ಮಾತ್ರ ರಜಾ ಅರ್ಜಿ ಕೊಡದೆ ಹೋಗಿತ್ತು.

"ರೋಜಿ ಇವತ್ತೇ ಕರು ಹಾಕುತ್ತದೆ," ಲಿಲ್ಲಿ ಆಕಾಶ ನೋಡಿದಳು. "ಮಳೆಯೂ ಉಂಟು. ಹೋದ ಸಲದ ಕರು ಮಳೆಗೆ ನೆನೆದು ಸತ್ತುಹೋದದ್ದು ನೆನಪುಂಟಲ್ಲ?"

ನೆನಪಿತ್ತು. "ಎತ್ತುವುದು, ತರುವುದು, ಇಡುವುದು. ಕಾಫಿಗೆ ಮೊದಲೇ ಮುಗಿಸುತ್ತೇನೆ!" ಎಂದು ಘೋಷಿಸಿದೆ.

ಪಕ್ಕದ ಮನೆಯ ಸಂಜೀವ, ದೋಣಿ ನಡೆಸುವವನು, ತಮ್ಮಂದಿರೊಂದಿಗೆ ಬಂದ. ಚೌಕಟ್ಟಿಗೆ ಕೈಹಾಕಿ "ಐಲೇಸಾ..." ಎಂದು ರಾಗ ಎಳೆದ.

"ನಿಲ್ಲಿಸು! ಇದೆಂತ ದೋಣಿಯಾ? ನಾನು ಸೀಟಿ ಊದುತ್ತೇನೆ. ಎಲ್ಲರೂ ಒಟ್ಟಿಗೆ ಎತ್ತಬೇಕು."

"ಪೊರ್ಬುಗಳೇ, ಐಲೇಸಾ ಹೇಳದೆ ನಮಗೆ ಕೈ ಏಳುವುದಿಲ್ಲ ಮಾರಾಯ್ರೆ." ಕ್ರೈಸ್ತರಾದ ನಮ್ಮನ್ನು ಅವನು ಕರೆಯುವುದು ಹೀಗೆ: ನಾನು ಪೊರ್ಬುಗಳು, ಲಿಲ್ಲಿ ಬಾಯಮ್ಮ.

"ಸೀಟಿ ಬೇಡ," ಎಂದಳು ಲಿಲ್ಲಿ. "ನಿಮ್ಮ ಸೀಟಿ ಕೇಳಿದರೆ ಗೂಡಿನಲ್ಲಿರುವ ಹಂದಿಗಳು..."

"ಸಾಲಿನಲ್ಲಿ ಮಾತಿಲ್ಲ!"

ಲಿಲ್ಲಿ ಸೆರಗು ಸಿಕ್ಕಿಸಿಕೊಂಡು ದೂರ ಸರಿದು ನಿಂತಳು. ಅವಳು ಅಷ್ಟು ಬೇಗ ದಾರಿ ಬಿಟ್ಟಾಗಲೇ ನಾನು ಹೆದರಬೇಕಿತ್ತು.

ಸೀಟಿ ಊದಿದೆ. ಮಾಡು ಎದ್ದಿತು! ನಾನು ಅದರ ಕೆಳಗೆ ನುಗ್ಗಿ, ಮುಂದೆ ನಡೆಸಲು ಇನ್ನೊಮ್ಮೆ ಊದಿದೆ.

ನಮ್ಮ ಹಿತ್ತಲಿನಲ್ಲಿ ಸೀಟಿಗೆ ಇದ್ದದ್ದು ಒಂದೇ ಅರ್ಥ: ಅಕ್ಕಚ್ಚು ತಯಾರಾಗಿದೆ, ಬಂದು ಕುಡಿಯಿರಿ! ಈ ಶಿಸ್ತನ್ನು ಪ್ರಾಣಿಗಳಿಗೆ ಕಲಿಸಿದವನೂ ನಾನೇ. ಹಂದಿಗಳೆರಡು ಗೂಡಿನ ಬಾಗಿಲು ಸಮೇತ ಬಂದವು. ಹಿಂದೆ ಬಾತುಕೋಳಿಗಳು, ಸಾಲಾಗಿ! ಕೊನೆಗೆ ತುಂಬು ಗರ್ಭಿಣಿಯ ಗಾಂಭೀರ್ಯದಲ್ಲಿ ರೋಜಿ. ದೊಡ್ಡ ಹಂದಿ ಸಂಜೀವನ ಕಾಲುಗಳ ನಡುವೆ ದಾರಿ ಮಾಡಿಕೊಂಡಿತು. ಸಂಜೀವ ಹಂದಿಯ ಮೇಲೆ ಕೂತ. ಮಾಡು ನನ್ನ ಮೇಲೆ ಕೂತಿತು!

ತಟ್ಟಿ ಹರಿದು ನನ್ನ ತಲೆ ಹೊರಗೆ ಬಂತು. ಕುತ್ತಿಗೆಯಿಂದ ಕೆಳಗೆ ಎಲ್ಲವೂ ಹಟ್ಟಿ. ಬಾಯಲ್ಲಿ ಸೀಟಿ, ಉಸಿರು ಬಿಟ್ಟರೆ ಅದು ಕೂಗುತ್ತದೆ. ಕೂಗಿದಷ್ಟೂ ಬಾತುಕೋಳಿಗಳು ಮಾಡಿನ ಮೇಲೆ ಹತ್ತಿ ಬಂದು ನನ್ನ ಮುಖ ನೋಡುತ್ತವೆ: ಊಟ ಎಲ್ಲಿ?

ಅಷ್ಟರಲ್ಲಿ ರೋಜಿ ಕಂಬಗಳ ನಡುವೆ ಹೋಗಿ ಮಲಗಿಬಿಟ್ಟಿತು. ಮಳೆಯ ಹನಿಯೂ ಬಿತ್ತು.

"ಬಾಯಮ್ಮ," ಸಂಜೀವ ಕೂಗಿದ, "ಮೊದಲು ಪೊರ್ಬುಗಳನ್ನು ತೆಗೆಯುವುದಾ, ಮಾಡು ಎತ್ತುವುದಾ?"

"ಮಾಡು! ಇವರು ಒಳಗೇ ಇರಲಿ, ಎಂತ ಆಗುವುದಿಲ್ಲ." ಲಿಲ್ಲಿ ನನ್ನ ಬಾಯಿಂದ ಸೀಟಿ ಕಿತ್ತುಕೊಂಡಳು.

"ಐಲೇಸಾ!" ಮಾಡು ಹೂವಿನಂತೆ ಎದ್ದಿತು. ಅದರೊಂದಿಗೆ ನಾನೂ ನಡೆದೆ, ಬೇರೆ ದಾರಿ ಇರಲಿಲ್ಲ. ಐಲೇಸಾ ಎಂದೆ ಕೂಡ! ಕಂಬದೆತ್ತರಕ್ಕೆ ಏರಿದಾಗ ತಲೆ ತಾನಾಗಿ ಕಳಚಿ ನನಗೆ ವಾಪಸು ಸಿಕ್ಕಿತು.

ಮಳೆ ಜೋರಾಗುವ ಹೊತ್ತಿಗೆ ಹೆಣ್ಣು ಕರು ಹುಟ್ಟಿತ್ತು. ನಡುಗುವ ಕಾಲುಗಳಲ್ಲಿ ಎದ್ದು ನಿಂತೂ ಆಗಿತ್ತು. ನೀರು ತೊಟ್ಟಿಕ್ಕುತ್ತಿದ್ದದ್ದು ಒಂದೇ ಕಡೆ: ನನ್ನ ತಲೆ ಮಾಡಿದ ತೂತಿನಿಂದ, ಸರಿಯಾಗಿ ಕರುವಿನ ಬೆನ್ನಿಗೆ.

ಅದನ್ನು ಮುಚ್ಚುವುದೇ ಆ ದಿನದ ಕೊನೆಯ ಕೆಲಸ. ಏಣಿ ಹತ್ತಿ, "ದೊಡ್ಡ ತಟ್ಟಿಗಳನ್ನೇ ಕೊಡು!" ಎಂದೆ. ಲಿಲ್ಲಿ ಒಂದು ಹರಕು ತುಂಡು ಕೊಟ್ಟು, "ಇಷ್ಟು ಧಾರಾಳ," ಎಂದಳು.

ಇಟ್ಟು ಕಟ್ಟಿದೆ. ಸಾಕಾಯಿತು. ಸುತ್ತಲೂ ಸ್ವಲ್ಪ ಉಳಿಯಿತು ಕೂಡ! ನನ್ನ ತಲೆ ಅಷ್ಟು ಸಣ್ಣದೆಂದು ಅಂದೇ ನನಗೆ ಗೊತ್ತಾದದ್ದು.