'ಸಾಕ್ ಮಾಡ್ರಿ'ಗೆ ಮತ್ತೆ ಜೀವ ಬಂದದ್ದು

ಟಿವಿ ಕೆಲಸದಲ್ಲಿ ಇರುವವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬಂದು ಬಾಗಿಲು ಬಡಿಯುತ್ತದೆ. ಟಿವಿ ಎಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ನಮ್ಮದು ಬೀದರಿನಿಂದ ರಾಜ್ಯದ ಗಡಿ ದಾಟಿದರೆ ಸಿಗುವ ಜಹೀರಾಬಾದಿನ ಒಂದು ಕೇಬಲ್ ಚಾನೆಲ್ಲು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಿ ಮಾತಾಡುವ ಜನಕ್ಕೆ ಅದೇ ಭಾಷೆಯಲ್ಲಿ ಕಾರ್ಯಕ್ರಮ ಮಾಡುವವರು ನಾವು.

ಬಹಳ ವರ್ಷಗಳ ಹಿಂದೆ ನಮ್ಮಲ್ಲಿ 'ಸಾಕ್ ಮಾಡ್ರಿ' ಎಂಬ ಸ್ಪರ್ಧೆ ಬರುತ್ತಿತ್ತು. ಯಾರು ಬೇಕಾದರೂ ಬಂದು ತಮ್ಮ ಕಲೆ ತೋರಿಸಬಹುದು. ಹಾಡಬಹುದು, ಕುಣಿಯಬಹುದು, ಬರೀ ಬಾಯಲ್ಲಿ ಶಹನಾಯಿ ಊದಬಹುದು. ತಡೆಯಲಾರದಂತಿದ್ದರೆ ಮೂವರು ತೀರ್ಪುಗಾರರು ಕೈ ಎತ್ತುತ್ತಾರೆ, ನಾನು ಜಾಗಟೆ ಬಾರಿಸುತ್ತೇನೆ. ಅಲ್ಲಿಗೆ ಕಲೆ ಬಂದ್. ಕಲಾವಿದರು ಸಮಾಧಾನಕ್ಕೆಂದು ಒಂದು ಪ್ಲಾಸ್ಟಿಕ್ ಬಕೆಟ್ಟು ತೆಗೆದುಕೊಂಡು ಮನೆಗೆ ಹೋಗಬೇಕು. ಜನ ರೊಟ್ಟಿ ತಟ್ಟುವುದನ್ನೂ ಬಿಟ್ಟು ಕೂತು ನೋಡುತ್ತಿದ್ದರು. ಸಂತೆಯಲ್ಲಿ ನನ್ನನ್ನು ಕಂಡವರು "ಜಾಗಟಿ ಸಾಹೇಬ್ರು ಬಂದ್ರು" ಎಂದು ದಾರಿ ಬಿಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಇಷ್ಟವಾಗುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ನಮ್ಮನ್ನು ನೋಡುವವರು ಇಲ್ಲವಾದರು. ಹೋದ ವರ್ಷ ಚಾನೆಲ್ಲಿನ ಮಾಲಕರು ನನ್ನನ್ನು ಕರೆದು ಹೇಳಿದರು: "ಸಾಕ್ ಮಾಡ್ರಿ ಮತ್ತ ಚಾಲೂ ಮಾಡೋಣು. ಮೊಬೈಲ್‌ನ್ಯಾಗೂ ಬಿಡೋಣು. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಮೂರು ಊರು, ಮೂರು ಷೋ. ನಡೀತಂದ್ರ ನಡೀತು. ಇಲ್ಲಂದ್ರ ಸ್ಟುಡಿಯೋದಾಗ ಫಿಲ್ಟರ್ ನೀರಿನ ಪ್ಲಾಂಟ್ ಹಾಕ್ತೀನಿ. ನೀ ಕ್ಯಾನ್ ತುಂಬ್ಕೋತ ಕೂಡಬೌದು."

ನನಗೆ ಐವತ್ತೇಳು ವರ್ಷ. ಮೈಕು ಹಿಡಿಯುವುದು, ಜಾಗಟೆ ಬಾರಿಸುವುದು ಬಿಟ್ಟರೆ ಬೇರೆ ಏನೂ ಬಾರದು. ಕ್ಯಾನಿನ ಕನಸು ಬಿದ್ದು ನಾಲ್ಕು ದಿನ ನಿದ್ದೆ ಬರಲಿಲ್ಲ.

೧. ಅನುಮತಿ

ಷೋವನ್ನು ಈಗಿನ ಕಾಲಕ್ಕೆ ಹೊಂದಿಸುವ ಜವಾಬ್ದಾರಿಯನ್ನು ಮಾಲಕರು ತಮ್ಮ ಸೊಸೆಗೆ ಕೊಟ್ಟರು. ಹೈದರಾಬಾದಿನಲ್ಲಿ ಓದಿದ ಹುಡುಗಿ, ಬಹಳ ಚುರುಕು. ಮೊದಲನೇ ಮೀಟಿಂಗಿನಲ್ಲೇ ನನಗೆ ಹೇಳಿದಳು: "ಅಂಕಲ್, ಈಗಿನ ಮಂದಿ ಅವಮಾನ ತಡ್ಕೊಳ್ಳಲ್ಲ. ಬಾರಸೂಕಿಂತ ಮೊದಲ ಅವರ ಪರ್ಮಿಷನ್ ತಗೋಬೇಕು."

ಅಷ್ಟು ವರ್ಷ ಯಾರಿಗೂ ಹೇಳದೆ ಕೇಳದೆ ಬಾರಿಸಿದವನು ನಾನು. ಆದರೂ ಕ್ಯಾನು ನೆನಪಾಗಿ ತಲೆಯಾಡಿಸಿದೆ.

ತಾಲೀಮಿಗೆ ಎಂದು ಮದುವೆ ಮನೆಗಳಲ್ಲಿ ನೆಂಟರ ಹೆಸರು ಸೇರಿಸಿ ಹಾಡುವ ಒಬ್ಬ ಹಿರಿಯರನ್ನು ಕರೆಸಿದೆವು. ದೊಡ್ಡ ಪೇಟ, ಅದಕ್ಕಿಂತ ದೊಡ್ಡ ಧ್ವನಿ. ಎರಡನೇ ನುಡಿಗೇ ತೀರ್ಪುಗಾರರ ಮೂರೂ ಕೈ ಮೇಲೆದ್ದವು. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಯಜಮಾನ್ರ, ತಮ್ದೇನೂ ಬೇಜಾರಿಲ್ಲಂದ್ರ ಜರಾ ನಿಲ್ಲಸ್ಲೇನ್ರಿ?"

"ಇನ್ನ ಗಂಡಿನ ಕಡಿಯವ್ರ ಹೆಸರು ಬಂದಿಲ್ಲಲ್ರಿ" ಎಂದು ಅವರು ಮುಂದುವರಿಸಿದರು.

ಗಂಡಿನ ಕಡೆಯವರು ಬಂದರು, ಹೆಣ್ಣಿನ ಕಡೆಯವರು ಬಂದರು, ಸೋದರಮಾವಂದಿರು ಸಾಲಾಗಿ ಬಂದರು. ನಾನು ಪ್ರತಿ ನುಡಿಗೂ ಕೇಳಿದೆ, ಅವರು ಪ್ರತಿ ನುಡಿಗೂ ಒಬ್ಬ ನೆಂಟರನ್ನು ತೋರಿಸಿದರು. ತೀರ್ಪುಗಾರರಲ್ಲಿ ಒಬ್ಬರು ಕೈ ನೋವು ಬಂದು ಇನ್ನೊಂದು ಕೈ ಎತ್ತಿದರು. ಕೊನೆಗೆ ಹಾಡು ಪೂರ್ತಿ ಮುಗಿಸಿ, ನೀರು ಕುಡಿದು, ಪೇಟ ಸರಿಮಾಡಿಕೊಂಡು ಹಿರಿಯರು ನನಗೆ ಹೇಳಿದರು: "ಹಾಂ, ಈಗ ಬಾರಸ್ರಿ. ನಂದೇನೂ ತಕರಾರಿಲ್ಲ."

೨. ಜಹೀರಾಬಾದಿನಲ್ಲಿ ಜಾಗಟೆ

ಅನುಮತಿಯ ನಿಯಮ ಅವತ್ತೇ ಹೋಯಿತು. ಹಳೆಯ ಜಾಗಟೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಜಹೀರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಮೊದಲನೇ ಷೋ ಇಟ್ಟೆವು. ಹಿಂದೆ ಸ್ಟುಡಿಯೋದಲ್ಲಿ ಕ್ಯಾಮೆರಾ ಬಿಟ್ಟರೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಈಗ ಪ್ರೇಕ್ಷಕರು ಬೇಕೇ ಬೇಕು ಎಂದು ಸೊಸೆ ಹಟ ಹಿಡಿದಿದ್ದಳು. ಹಾಲು ತುಂಬಿತ್ತು.

ಮೊದಲು ಬಂದವರು ಒಬ್ಬ ಬ್ಯಾಂಕ್ ಗುಮಾಸ್ತರು. ತಮ್ಮ ಸ್ಕೂಟರಿನ ಬಗ್ಗೆ ತಾವೇ ಬರೆದ ಕವನ ಓದತೊಡಗಿದರು. ಮುಂದಿನ ಚಕ್ರದ ವರ್ಣನೆ ಮುಗಿಯಿತು, ಹ್ಯಾಂಡಲ್ ಮುಗಿಯಿತು. ಸೀಟಿಗೆ ಬರುವಷ್ಟರಲ್ಲಿ ತೀರ್ಪುಗಾರರು ಕೈ ಎತ್ತಿದರು. ಇಷ್ಟು ವರ್ಷದ ಹಸಿವು ಸೇರಿಸಿ ನಾನು ಜಾಗಟೆ ಬಾರಿಸಿದೆ.

ಇಡೀ ಹಾಲು ಎದ್ದು ನಿಂತು ಕೈ ಮುಗಿಯಿತು.

ಜಾಗಟೆ ಕೇಳಿದರೆ ನಮ್ಮ ಮಂದಿಗೆ ಮಂಗಳಾರತಿ ಬಿಟ್ಟು ಬೇರೇನೂ ಹೊಳೆಯುವುದಿಲ್ಲ ಎಂಬುದು ನನಗೆ ಆವರೆಗೂ ಹೊಳೆದಿರಲಿಲ್ಲ. ಮುಂದಿನ ಸಾಲಿನ ಅಜ್ಜಿ ಸೆರಗು ತಲೆಯ ಮೇಲೆ ಹೊದ್ದುಕೊಂಡು ಕಣ್ಣು ಮುಚ್ಚಿದರು. ಹಿಂದೆ ಯಾರೋ ಗಲ್ಲ ಗಲ್ಲ ಬಡಿದುಕೊಂಡರು. ತೀರ್ಪುಗಾರರೂ ಎದ್ದರು. ಗುಮಾಸ್ತರು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿ, ದೇವರು ಯಾವ ಕಡೆ ಎಂದು ಒಂದು ಸುತ್ತು ತಿರುಗಿ ನೋಡಿ, ಕೊನೆಗೆ ಕ್ಯಾಮೆರಾಕ್ಕೇ ಕೈ ಮುಗಿದರು.

ನಾನು ಬಾರಿಸುವುದನ್ನು ನಿಲ್ಲಿಸಿದ ಮೇಲೂ ಯಾರೂ ಕೂಡಲಿಲ್ಲ. ಗುಮಾಸ್ತರು ನನ್ನ ಮುಂದೆ ಬಂದು, ಎಡಗೈ ಮೇಲೆ ಬಲಗೈ ಇಟ್ಟು, ಬಾಗಿ ನಿಂತರು. ಏನು ಕೊಡಲಿ? ಬಕೆಟ್ಟು ಕೊಟ್ಟೆ. ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡು ಹೋದರು.

೩. ನಾರಾಯಣಖೇಡಿನ ಟ್ರ್ಯಾಕ್ಟರು

ಜಹೀರಾಬಾದಿನ ಷೋವನ್ನು ಮಾಲಕರು ನೋಡಿದರು. ಮರುದಿನ ನೀರಿನ ಪ್ಲಾಂಟಿನವನೊಬ್ಬ ಬಂದು ಟೇಪು ಹಿಡಿದು ಸ್ಟುಡಿಯೋದ ಗೋಡೆ ಅಳೆದುಕೊಂಡು ಹೋದ. ನಾನು ಜಾಗಟೆಯನ್ನು ಅಟ್ಟಕ್ಕೆ ಹಾಕಿದೆ.

ನಾರಾಯಣಖೇಡಿನಲ್ಲಿ ಷೋ ಒಂದು ಶಾಲೆಯ ಹಾಲಿನಲ್ಲಿ. ಅಲ್ಲಿ ಗಂಟೆಯೆಂದು ನೇತುಹಾಕಿದ್ದ ಕಬ್ಬಿಣದ ತುಂಡನ್ನೇ ಕೇಳಿ ಇಸಿದುಕೊಂಡು ವೇದಿಕೆಯ ಮೇಲೆ ಕಟ್ಟಿಸಿದೆ. ತೀರ್ಪುಗಾರರು ಮೂವರೂ ಅದೇ ಊರಿನ ಮೇಷ್ಟ್ರುಗಳು. ಪ್ರೇಕ್ಷಕರು ಸುತ್ತಲಿನ ಹಳ್ಳಿಗಳ ರೈತರು, ಶಾಲೆಯ ಮಕ್ಕಳು, ಅವರ ತಾಯಂದಿರು.

ಕಲ್ಹೇರ್ ಕಡೆಯ ಒಬ್ಬ ರೈತರು ಬಾಯಲ್ಲೇ ಟ್ರ್ಯಾಕ್ಟರ್ ಸದ್ದು ಮಾಡುತ್ತೇನೆ ಎಂದು ಬಂದರು. ಚಾವಿ ತಿರುಗಿಸಿದರು. "ಘರ್ರ್... ಘರ್ರ್... ಘುಸ್." ಶುರುವಾಗಲಿಲ್ಲ. ಮತ್ತೆ ತಿರುಗಿಸಿದರು. "ಘರ್ರ್... ಘುಸ್." ಐದು ನಿಮಿಷ ಇದೇ ನಡೆಯಿತು. ಮೇಷ್ಟ್ರುಗಳು ಕೈ ಎತ್ತಿದರು, ನಾನು ಸುತ್ತಿಗೆ ಎತ್ತಿದೆ.

ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಕೂಗಿದರು: "ಗೌಡ್ರ, ಡೀಸೆಲ್ ಪೈಪಿನ್ಯಾಗ ಹವಾ ಹೊಕ್ಕದ. ಹವಾ ತೆಗೀರಿ ಮೊದಲ!"

"ಹವಾ ಅಲ್ಲೋ, ಬ್ಯಾಟರಿ ಡೌನ್ ಅದ. ಸದ್ದು ಕೇಳಿದ್ರ ಗೊತ್ತಾಗಲ್ಲೇನು?" ಎಂದು ಇನ್ನೊಬ್ಬರು ಎದ್ದರು.

ಇಬ್ಬರಿಗೂ ಜಗಳ ಹತ್ತಿತು. ಮೂರನೆಯವರು, ಮಾತಿನಿಂದ ಏನೂ ಆಗುವುದಿಲ್ಲ ಎಂದು ವೇದಿಕೆ ಹತ್ತಿ, ರೈತರ ಬೆನ್ನಿಗೆ ಎರಡೂ ಕೈ ಕೊಟ್ಟು ನೂಕತೊಡಗಿದರು. ಇನ್ನಿಬ್ಬರು ಧೋತರ ಎತ್ತಿ ಕಟ್ಟಿಕೊಂಡು ಅವರ ಹಿಂದೆ ಸೇರಿಕೊಂಡರು. "ಗೇರ್‌ನ್ಯಾಗ ಹಾಕ್ರಿ, ಕ್ಲಚ್ ಬಿಡ್ರಿ!" ಎಂದು ಹಾಲಿಗೆ ಹಾಲೇ ಕೂಗಿತು. ಟ್ರ್ಯಾಕ್ಟರು ಎರಡು ಸಲ ಕೆಮ್ಮಿ ಶುರುವಾಯಿತು. ಅಂಥ ಚಪ್ಪಾಳೆ ಯಾವ ಕಲಾವಿದನಿಗೂ ಬಿದ್ದದ್ದನ್ನು ನಾನು ಕೇಳಿಲ್ಲ.

ರೈತರು ವೇದಿಕೆಯ ಮೇಲೆ ಒಂದು ಸುತ್ತು ಹೊಡೆದು, ರಿವರ್ಸ್ ತೆಗೆದುಕೊಂಡು ನನ್ನ ಕಡೆ ಬಂದರು. ನಿಲ್ಲಿಸಬೇಕಾದವನು ನಾನು. ಆದರೆ ಕೈಯಲ್ಲಿದ್ದ ಸುತ್ತಿಗೆಯಿಂದ "ಬರ್ಲಿ, ಬರ್ಲಿ, ಇನ್ನ ಜಾಗಾ ಅದ" ಎಂದು ದಾರಿ ತೋರಿಸುತ್ತಿದ್ದೆ.

೪. ಕಂಗ್ಟಿಯ ಕಂಡಕ್ಟರು

ಅದೇ ಷೋದಲ್ಲಿ ಆಮೇಲೆ ಬಂದವರು ಕಂಗ್ಟಿಯ ನಿವೃತ್ತ ಬಸ್ ಕಂಡಕ್ಟರು. ಕಂಗ್ಟಿಯಿಂದ ಬೀದರಿನವರೆಗೆ ಬರುವ ಎಲ್ಲ ಸ್ಟಾಪುಗಳನ್ನು ಕೂಗುವುದೇ ಅವರ ಕಲೆ. ಪ್ರತಿ ಸ್ಟಾಪಿಗೂ "ಇಳ್ಯವ್ರು ಇಳೀರಿ" ಎಂದು ನಿಂತು, ಯಾರಾದರೂ ಇಳಿಯಲು ಬೇಕಾಗುವಷ್ಟು ಹೊತ್ತು ಕಾದು, "ರೈಟ್" ಅನ್ನುತ್ತಿದ್ದರು. ಬಸ್ಸು ಗಡಿ ದಾಟುವ ಮೊದಲೇ ಮೇಷ್ಟ್ರುಗಳು ಕೈ ಎತ್ತಿದರು. ನಾನು ಕಬ್ಬಿಣದ ಮೇಲೆ ಢಣ ಢಣ ಬಾರಿಸಿದೆ.

ಮೂವರೂ ಮೇಷ್ಟ್ರುಗಳು ಎದ್ದರು, ಕನ್ನಡಕ ಜೇಬಿಗೆ ಹಾಕಿದರು, ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿ ಮನೆಗೆ ನಡೆದರು. ಮೂವತ್ತು ವರ್ಷದ ಅಭ್ಯಾಸ, ಅವರ ತಪ್ಪೇನಿಲ್ಲ. ಹಿಂದೆ ಕೂತಿದ್ದ ಮಕ್ಕಳೂ ಹೋ ಎಂದು ಓಡಿದರು. ಮಕ್ಕಳನ್ನು ಕರೆತಂದಿದ್ದ ತಾಯಂದಿರು ಅವರ ಹಿಂದೆ ಓಡಿದರು. ಹಾಲು ಅರ್ಧ ಖಾಲಿಯಾಯಿತು.

ಕಂಡಕ್ಟರು ಮಾತ್ರ ಖುಷಿಯಿಂದ ನನ್ನ ಕೈ ಕುಲುಕಿದರು: "ನೋಡ್ರಿ ಸಾಹೇಬ್ರ, ಎಲ್ಲಾರೂ ತಮ್ಮ ತಮ್ಮ ಸ್ಟಾಪಿಗೆ ಕರೆಕ್ಟಾಗಿ ಇಳದ್ರು."

೫. ತಾಂಡೂರಿನಲ್ಲಿ ಮಾಲಕರು

ಉಳಿದದ್ದು ತಾಂಡೂರು ಒಂದೇ. ಜಾಗಟೆ ಆಯಿತು, ಗಂಟೆ ಆಯಿತು. ಈ ಸಲ ನನ್ನ ಹೆಂಡತಿ ಹಿಟ್ಟು ನಾದುವ ದೊಡ್ಡ ಹಿತ್ತಾಳೆ ಪರಾತವನ್ನೇ ತಂದೆ. ಪರಾತ ಕೇಳಿ ಎಲ್ಲರೂ ಊಟಕ್ಕೆ ಏಳಬಾರದೆಂದು ಷೋವನ್ನು ಊಟ ಆದ ಮೇಲೆ ಇಟ್ಟೆವು. ಪರಾತ ತವರಿನದು, ಎಲ್ಲಿ ನೆಗ್ಗುತ್ತದೋ ಎಂದು ಹೆಂಡತಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಳು.

ಷೋ ಚೆನ್ನಾಗಿ ನಡೆಯಿತು. ಬಶೀರಾಬಾದಿನಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಮೊಬೈಲಿನಲ್ಲಿ ನೋಡುವವರು ಏರುತ್ತಿದ್ದಾರೆಂದು ಸೊಸೆ ದೂರದಿಂದ ಹೆಬ್ಬೆರಳು ತೋರಿಸುತ್ತಿದ್ದಳು. ಕ್ಯಾನಿನ ಭಯ ಹೋಗಿ ನಾನು ಉಸಿರು ಬಿಟ್ಟೆ. ಆಗಲೇ ಮಾಲಕರು ಎದ್ದು ನಿಂತು, ಕೊನೆಯ ಹಾಡು ತಮ್ಮದು ಎಂದರು. ಸ್ವತಃ ಬರೆದದ್ದಂತೆ. ಹಾರ್ಮೋನಿಯಂ, ತಬಲಾ, ತಾಳದವರನ್ನೂ ದನಿ ಸೇರಿಸಲು ಇಬ್ಬರನ್ನೂ ಮನೆಯಿಂದಲೇ ಕರೆತಂದಿದ್ದರು.

ಅವರು ಹಾಡಿದರು. ಅದಕ್ಕಿಂತ ಹೆಚ್ಚು ಹೇಳಿದರೆ ಉಪ್ಪುಂಡ ಮನೆಗೆ ದ್ರೋಹವಾದೀತು.

ತೀರ್ಪುಗಾರರ ಕಡೆ ನೋಡಿದೆ. ಒಬ್ಬರು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು, ಒಬ್ಬರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಇನ್ನೊಬ್ಬರು ಬಿಚ್ಚಿರದ ಷೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಜನ ಮಾತ್ರ "ಸಾಕ್ ಮಾಡ್ರಿ! ಸಾಕ್ ಮಾಡ್ರಿ!" ಎಂದು ಕೂಗುತ್ತಿದ್ದರು. ಬಾರಿಸಿದರೆ ನನ್ನ ನೌಕರಿ ಹೋಗುತ್ತದೆ. ಬಾರಿಸದಿದ್ದರೆ, ಮಾಲಕರಿಗೊಂದು ನ್ಯಾಯ ಊರಿಗೊಂದು ನ್ಯಾಯ ಎಂದು ಷೋ ಹೋಗುತ್ತದೆ, ಅದರ ಹಿಂದೆ ನೌಕರಿಯೂ ಹೋಗುತ್ತದೆ. ಹೆಂಡತಿಯ ಮುಖ ನೋಡಿದೆ. ಅವಳು ಎರಡೂ ಕಿವಿಗೆ ಸೆರಗು ಒತ್ತಿಕೊಂಡು, "ಬಾರಸ್ರಿ! ಪರಾತ ಹೋದ್ರ ಹೋಗ್ಲಿ!" ಎಂದಳು.

ಕಣ್ಣು ಮುಚ್ಚಿ ಬಾರಿಸಿದೆ.

ಮಾಲಕರು ಹಾಡು ನಿಲ್ಲಿಸಿದರು. ಅವರು ನಿಧಾನವಾಗಿ ಹಿಂದೆ ತಿರುಗಿ ಹಾರ್ಮೋನಿಯಮ್ಮಿನವರಿಗೆ ಹೇಳಿದರು: "ನಾ ಆಗ್ಲೇ ಹೇಳಿದ್ನಿಲ್ಲ, ನಿಂದು ಸೂರ್ ತಪ್ಪಾಕತ್ತದ ಅಂತ? ನೋಡು, ಪರಾತ ಬಾರಸ್ಯಾರ. ಇಳಿ ಕೆಳಗ."

ಹಾರ್ಮೋನಿಯಮ್ಮಿನವರು ಬಕೆಟ್ಟು ತೆಗೆದುಕೊಂಡು ಇಳಿದರು. ಮಾಲಕರು ಮತ್ತೆ ಶುರು ಮಾಡಿದರು.

ಒಮ್ಮೆ ಬಾರಿಸಿದ ಕೈಗೆ ಧೈರ್ಯ ಬಂದಿತ್ತು. ಇನ್ನೊಮ್ಮೆ ಬಾರಿಸಿದೆ. ತಬಲಾದವರು ಇಳಿದರು. ಮೂರನೇ ಸಲಕ್ಕೆ ತಾಳದವರು ಹೋದರು. ನಾಲ್ಕನೇ ಸಲ, ದನಿ ಸೇರಿಸುವ ಇಬ್ಬರೂ ಹೇಳಿಸಿಕೊಳ್ಳದೆ ತಾವಾಗಿಯೇ ಇಳಿದರು. ವೇದಿಕೆಯ ಮೇಲೆ ಮಾಲಕರು ಒಬ್ಬರೇ ಉಳಿದರು. ಈಗಲಾದರೂ ತಿಳಿಯಲಿ ಎಂದು ಇದ್ದ ಶಕ್ತಿಯೆಲ್ಲ ಹಾಕಿ ಐದನೇ ಸಲ ಬಾರಿಸಿದೆ. ಪರಾತ ನಡುವೆ ಸೀಳಿತು.

ಮಾಲಕರು ಹಿಂದೆ ನೋಡಿದರು, ಯಾರೂ ಇಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ನೇರ ನನ್ನ ಹತ್ತಿರ ಬಂದರು. ಕ್ಯಾನುಗಳೆಲ್ಲ ಸಾಲಾಗಿ ಕಣ್ಣ ಮುಂದೆ ನಿಂತವು. ಅವರು ನನ್ನನ್ನು ಅಪ್ಪಿಕೊಂಡುಬಿಟ್ಟರು!

"ಶಾಬಾಸ್!" ಎಂದು ಮೈಕಿನಲ್ಲೇ ಹೇಳಿದರು. "ಇಷ್ಟ್ ವರ್ಷ ನನ್ನ ಹಾಡು ಯಾಕ ಕೆಡ್ತದ ಅಂತ ಯಾರೂ ಖರೇ ಹೇಳಿದ್ದಿಲ್ಲ. ಈ ಮನಶ್ಯಾ ಒಬ್ಬೊಬ್ಬರನ್ನೇ ಹಿಡದು ತೋರ್ಸಿದ. ನೀರಿನ ಪ್ಲಾಂಟ್ ಕ್ಯಾನ್ಸಲ್. ಇನ್ನ ಮ್ಯಾಲ ಷೋ ಪ್ರತಿ ವಾರ!"

ಹಾಲು ಎದ್ದು ಚಪ್ಪಾಳೆ ತಟ್ಟಿತು. ನನಗೆ ಕಣ್ಣಲ್ಲಿ ನೀರು ಬಂತು, ನೌಕರಿ ಉಳಿಯಿತು. ಚಪ್ಪಾಳೆ ನಿಲ್ಲುವುದನ್ನೇ ಕಾದಿದ್ದು ಮಾಲಕರು ಮುಗಿಸಿದರು: "ಪ್ರತಿ ವಾರ ಮೊದಲನೇ ಹಾಡು ನಂದೇ. ಕೆಡಸಾಕ ಹಿಂದ ಯಾರೂ ಇರಾಂಗಿಲ್ಲ."